ಟಿಎಸ್‌ಎಚ್ ಸಂಖ್ಯೆ ಹೇಳುವುದೇನು, ಹೇಳದೇ ಬಿಡುವುದೇನು

"ಥೈರಾಯ್ಡ್ 8.2 ಬಂದಿದೆ, ತುಂಬಾ ಜಾಸ್ತಿಯಂತೆ" ಅನ್ನುವವರು ಸಾಮಾನ್ಯವಾಗಿ ತಮ್ಮ ಮೈಯಲ್ಲಿ ಥೈರಾಯ್ಡ್ ಹಾರ್ಮೋನು ಹೆಚ್ಚಾಗಿದೆ ಅಂದುಕೊಂಡಿರುತ್ತಾರೆ. ಇರುವುದು ಅದಕ್ಕೆ ತಿರುವುಮುರುವು. ಆ 8.2 ಟಿಎಸ್‌ಎಚ್‌ನದು, ಅಂದರೆ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನಿನದು. ಅದನ್ನು ಥೈರಾಯ್ಡ್ ತಯಾರಿಸುವುದೇ ಇಲ್ಲ. ಅದು ಬರುವುದು ಮಿದುಳಿನ ಬುಡದಲ್ಲಿರುವ, ಸುಮಾರು ಅರ್ಧ ಗ್ರಾಂ ತೂಗುವ ಪಿಟ್ಯುಟರಿ ಗ್ರಂಥಿಯಿಂದ.

ವ್ಯವಸ್ಥೆ ಹೀಗಿದೆ. ಮಿದುಳಿನ ಹೈಪೋಥಲಮಸ್ ಭಾಗ ಟಿಆರ್‌ಎಚ್ ಎಂಬ ಹಾರ್ಮೋನು ಬಿಡುತ್ತದೆ, ಅದು ತಾಗಿದ ಪಿಟ್ಯುಟರಿ ಟಿಎಸ್‌ಎಚ್ ಬಿಡುತ್ತದೆ, ಅದರ ಮಾತು ಕೇಳಿ ಗಂಟಲಿನ ಮುಂಭಾಗದ ಥೈರಾಯ್ಡ್ ಮುಖ್ಯವಾಗಿ ಟಿ4, ಜೊತೆಗೆ ಸ್ವಲ್ಪ ಟಿ3 ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ಟಿ4ರಲ್ಲಿ ನಾಲ್ಕು ಅಯೋಡಿನ್ ಪರಮಾಣುಗಳಿವೆ. ಲಿವರ್, ಕಿಡ್ನಿ ಮುಂತಾದ ಕಡೆ ಅದರಲ್ಲೊಂದು ಕಳಚಿದಾಗ ಟಿ3 ಆಗುತ್ತದೆ. ಜೀವಕೋಶದೊಳಗೆ ಹೋಗಿ ನಿಜವಾದ ಕೆಲಸ ಮಾಡುವುದು ಈ ಟಿ3. ರಕ್ತದಲ್ಲಿ ಇವೆರಡೂ ಸಾಕಷ್ಟಿದ್ದರೆ ಪಿಟ್ಯುಟರಿ ಸುಮ್ಮನಿರುತ್ತದೆ. ಕಡಿಮೆಯಾದರೆ, ಕೆಲಸ ಸಾಗದಿದ್ದಾಗ ಮೇಸ್ತ್ರಿಯ ದನಿ ಏರುವ ಹಾಗೆ ಟಿಎಸ್‌ಎಚ್ ಏರುತ್ತದೆ. ಏರುವುದೂ ಒಂದಕ್ಕೊಂದರಂತಲ್ಲ: ಟಿ4 ಅರ್ಧಕ್ಕಿಳಿದರೆ ಟಿಎಸ್‌ಎಚ್ ನೂರು ಪಟ್ಟಿನವರೆಗೂ ಹೋಗಬಹುದು. ಅದಕ್ಕೇ ಟಿ4 ಇನ್ನೂ ನಾರ್ಮಲ್ ಇರುವಾಗಲೇ ಟಿಎಸ್‌ಎಚ್ ಗೆರೆ ದಾಟಿರುತ್ತದೆ.

8.2 ಟಿಎಸ್‌ಎಚ್, ಜೊತೆಗೆ ನಾರ್ಮಲ್ ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಟಿ4) ಇದ್ದರೆ ಅದೇ ದಿನ ಮಾತ್ರೆ ಶುರು ಮಾಡಬೇಕೆಂದೇನೂ ಇಲ್ಲ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡಬೇಕು, ಆ್ಯಂಟಿ ಟಿಪಿಒ ಪರೀಕ್ಷೆಯನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು. ಅದು ಪಾಸಿಟಿವ್ ಬಂದರೆ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದಿದೆ ಎಂದರ್ಥ, ಮುಂದೆ ಮಾತ್ರೆ ಬೇಕಾಗುವ ಸಾಧ್ಯತೆ ಹೆಚ್ಚು. 10 ದಾಟಿದರೆ ಸಾಮಾನ್ಯವಾಗಿ ಚಿಕಿತ್ಸೆ ಶುರುವಾಗುತ್ತದೆ. ಎಪ್ಪತ್ತು ದಾಟಿದವರಲ್ಲಿ ಟಿಎಸ್‌ಎಚ್ ಸ್ವಲ್ಪ ಹೆಚ್ಚಿರುವುದು ವಯಸ್ಸಿಗೆ ಸಹಜ. ಅಜ್ಜಿಯ 6ನ್ನು 2ಕ್ಕೆ ಇಳಿಸುವ ಹಟದಲ್ಲಿ ಮಾತ್ರೆ ಹೆಚ್ಚಾಗಿ ಎದೆಬಡಿತ ಏರುಪೇರಾಗಿ, ಮೂಳೆ ಸವೆದು ಹೋಗುವುದು ಯಾರಿಗೂ ಲಾಭವಲ್ಲ.

ಮಾತ್ರೆ ಅಂದರೆ ಲಿವೋಥೈರಾಕ್ಸಿನ್, ಅಂದರೆ ಟಿ4ಅನ್ನೇ ಹೊರಗಿನಿಂದ ಕೊಡುವುದು. ಗ್ರಂಥಿ ಪೂರ್ತಿ ಕೈಕೊಟ್ಟಿದ್ದರೆ ಕೆ.ಜಿ.ಗೆ ಸುಮಾರು 1.6 ಮೈಕ್ರೋಗ್ರಾಂ ಬೇಕು; 60 ಕೆ.ಜಿ. ಇರುವವರಿಗೆ 100ರ ಆಸುಪಾಸು. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ 12.5 ಅಥವಾ 25ರಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ.

ಡೋಸ್ ಸರಿಯಿದ್ದರೂ ಟಿಎಸ್‌ಎಚ್ ಇಳಿಯುತ್ತಿಲ್ಲ ಅಂದರೆ ಮೊದಲು ನೋಡಬೇಕಾದ್ದು ಬೆಳಗಿನ ಅಡುಗೆಮನೆಯನ್ನು. ಖಾಲಿ ಹೊಟ್ಟೆಯಲ್ಲೂ ಈ ಮಾತ್ರೆ ಮೈಗೆ ಹತ್ತುವುದು ಶೇಕಡ 60ರಿಂದ 80ರಷ್ಟು ಮಾತ್ರ. ಅದರ ಮೇಲೆ ಫಿಲ್ಟರ್ ಕಾಫಿ ಬಿದ್ದರೆ ಇನ್ನೂ ಕಡಿಮೆ. ಕಾಫಿಯಿಂದಲೇ ಹೀರಿಕೆ ಕುಗ್ಗುತ್ತದೆ, ಹಾಲಿನ ಕ್ಯಾಲ್ಸಿಯಂ ಇನ್ನಷ್ಟು ತಡೆಯುತ್ತದೆ. ಆರಕ್ಕೆ ಎದ್ದು ಬರೀ ನೀರಲ್ಲಿ ಮಾತ್ರೆ ನುಂಗಿದರೆ ಕಾಫಿ ಏಳಕ್ಕೆ. ತಡೆಯಲಾಗದವರು ಅರ್ಧ ಗಂಟೆಯಾದರೂ ಬಿಡಲಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಹುಳಿತೇಗಿಗೆ ಕುಡಿಯುವ ಆ್ಯಂಟಾಸಿಡ್ ಇವಕ್ಕೆಲ್ಲ ನಾಲ್ಕು ಗಂಟೆಯ ಅಂತರ ಬೇಕು. ಪ್ಯಾಂಟೊಪ್ರಜೋಲ್ ವಿಷಯ ಬೇರೆ. ಅದು ಹೊಟ್ಟೆಯ ಆಮ್ಲವನ್ನೇ ಇಳಿಸುವುದರಿಂದ ಅಂತರ ಬಿಟ್ಟರೂ ಪೂರ್ತಿ ಪರಿಹಾರವಾಗದು, ದಿನಾ ತಗೊಳ್ಳುವವರು ಡಾಕ್ಟರಿಗೆ ಹೇಳಲೇಬೇಕು. ಬೆಳಗಿನ ಗಡಿಬಿಡಿಯಲ್ಲಿ ಇದೆಲ್ಲ ಆಗದ ಮಾತು ಅನ್ನುವವರಿಗೆ ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವಾಗ ತಗೊಳ್ಳುವ ದಾರಿಯೂ ಇದೆ. ಹೊತ್ತು ಯಾವುದೇ ಇರಲಿ, ದಿನಾ ಅದೇ ಇರಲಿ. ಬಾಟಲಿಯನ್ನು ಒಲೆಯ ಪಕ್ಕದ ಶೆಲ್ಫಿನಲ್ಲಿ ಇಡಬೇಡಿ. ಶಾಖ, ತೇವ, ಬೆಳಕು ಮೂರೂ ಈ ಮಾತ್ರೆಗೆ ಆಗದು. ಬ್ರ್ಯಾಂಡ್ ಬದಲಾದರೆ ಆರು ವಾರದ ನಂತರ ಒಮ್ಮೆ ಪರೀಕ್ಷೆ ಮಾಡಿಸಿ.

ಆರು ವಾರ ಯಾಕೆ? ಟಿ4 ರಕ್ತದಲ್ಲಿ ಅರ್ಧವಾಗಲು ಸುಮಾರು ಏಳು ದಿನ ಬೇಕು. ಹೊಸ ಡೋಸಿನ ಮಟ್ಟ ಒಂದು ಹದಕ್ಕೆ ಬರಲು ಐದಾರು ವಾರ ಹಿಡಿಯುತ್ತದೆ, ಪಿಟ್ಯುಟರಿ ಅದಕ್ಕೆ ಹೊಂದಿಕೊಳ್ಳುವುದು ಆಮೇಲೆ. ಎರಡೇ ವಾರಕ್ಕೆ ರಕ್ತ ಕೊಟ್ಟು, "ಇಳಿದಿಲ್ಲ" ಅಂತ ಡೋಸ್ ಏರಿಸಿಕೊಂಡವರು ಎರಡು ತಿಂಗಳಿಗೆ ಕೈ ನಡುಗುತ್ತೆ, ನಿದ್ದೆ ಬರಲ್ಲ ಅಂತ ಬರುತ್ತಾರೆ. ಒಂದು ದಿನ ಮರೆತರೆ ಆಕಾಶ ಬೀಳುವುದಿಲ್ಲ ಅನ್ನುವುದಕ್ಕೂ ಇದೇ ಕಾರಣ.

ಟಿಎಸ್‌ಎಚ್ ನಡುರಾತ್ರಿಯ ನಂತರ ಏರಿ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಹಾಗಾಗಿ ಪ್ರತಿ ಸಲ ಒಂದೇ ಹೊತ್ತಿಗೆ ರಕ್ತ ಕೊಡಿ, ಫ್ರೀ ಟಿ4 ಕೂಡ ನೋಡುವುದಿದ್ದರೆ ಆ ದಿನದ ಮಾತ್ರೆ ರಕ್ತ ಕೊಟ್ಟ ಮೇಲಿರಲಿ. ಇನ್ನೊಂದು ಗುಟ್ಟಾದ ಶತ್ರು ಬಯೋಟಿನ್ ಎಂಬ ವಿಟಮಿನ್. ಥೈರಾಯ್ಡ್ ಕಡಿಮೆಯಾಗಿ ಕೂದಲು ಉದುರುತ್ತದೆ, ಕೂದಲಿಗೆಂದು 5ರಿಂದ 10 ಮಿಲಿಗ್ರಾಂ ಬಯೋಟಿನ್ ನುಂಗುತ್ತಾರೆ, ಅದು ಕೆಲವು ಲ್ಯಾಬ್ ಯಂತ್ರಗಳ ಪರೀಕ್ಷಾ ವಿಧಾನದಲ್ಲೇ ಅಡ್ಡಬರುತ್ತದೆ. ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಹೆಚ್ಚು ಬಂದು, ಇದ್ದ ಡೋಸನ್ನೂ ಇಳಿಸಿಬಿಡುತ್ತಾರೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ಅದನ್ನು ನಿಲ್ಲಿಸಬೇಕು.

ಎಲೆಕೋಸಿನ ಭಯ ಬಿಡಿ, ಬೇಯಿಸಿದ ಪಲ್ಯ ತಿಂದು ಥೈರಾಯ್ಡ್ ಹಾಳಾಗದು. ಅಯೋಡಿನ್ ಉಪ್ಪು ಗಳಗಂಡವನ್ನು ತಡೆಯುತ್ತದೆ ಅನ್ನುವುದು ನಿಜ, ವೈದ್ಯ ವಿಜ್ಞಾನಿ ವಿ. ರಾಮಲಿಂಗಸ್ವಾಮಿ ಅವರ ತಂಡ 1956ರಲ್ಲಿ ಶುರು ಮಾಡಿದ, ಹಿಮಾಚಲದ ಕಾಂಗ್ಡಾ ಕಣಿವೆಯ ಅಧ್ಯಯನ ಅದನ್ನು ತೋರಿಸಿಕೊಟ್ಟಿತು. ಆದರೆ ಟಿಪಿಒ ಪಾಸಿಟಿವ್ ಇರುವವರು ಉಪ್ಪು ಹೆಚ್ಚು ತಿಂದರೆ ಥೈರಾಯ್ಡ್ ಸರಿಹೋಗದು, ಬಿಪಿ ಏರುತ್ತದೆ ಅಷ್ಟೇ.

ಮಾತ್ರೆ ತಗೊಳ್ಳುತ್ತಿರುವವರು ಗರ್ಭಿಣಿಯಾದರೆ ಕಾಯಬಾರದು. ಮೊದಲ ತಿಂಗಳುಗಳಲ್ಲಿ ಮಗುವಿಗೆ ತಾಯಿಯ ಹಾರ್ಮೋನೇ ಗತಿ, ಬೇಡಿಕೆ ಶೇಕಡ 25ರಿಂದ 30ರಷ್ಟು ಏರುತ್ತದೆ. ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ಅನ್ನುವ ಲೆಕ್ಕವನ್ನು ಎಷ್ಟೋ ಡಾಕ್ಟರುಗಳು ಮೊದಲೇ ಹೇಳಿಟ್ಟಿರುತ್ತಾರೆ. ಹೇಳಿಲ್ಲದಿದ್ದರೆ ಮಗುವಿಗೆ ಯೋಚಿಸುವಾಗಲೇ ಕೇಳಿಟ್ಟುಕೊಳ್ಳಿ.

ಟಿಎಸ್‌ಎಚ್ ಒಂದನ್ನೇ ನಂಬಿದರೆ ಕೈಕೊಡುವ ಸಂದರ್ಭವೊಂದಿದೆ. ಗರ್ಭಿಣಿಯಲ್ಲಿ ಪಿಟ್ಯುಟರಿ ದೊಡ್ಡದಾಗಿರುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದರೆ ಅದಕ್ಕೆ ರಕ್ತ ಸಾಲದೆ ಒಂದು ಭಾಗ ಸತ್ತುಹೋಗಬಹುದು. ಇದಕ್ಕೆ ಶೀಹಾನ್ ಸಿಂಡ್ರೋಮ್ ಅನ್ನುತ್ತಾರೆ. ಬಾಣಂತಿಗೆ ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ಕಂಕುಳ ಕೂದಲು ಉದುರುತ್ತದೆ, ವರ್ಷಗಟ್ಟಲೆ ಸುಸ್ತು. ಟಿಎಸ್‌ಎಚ್ ಮಾಡಿಸಿದರೆ 2.5 ಅಂತ ಬರಬಹುದು, "ನಾರ್ಮಲ್" ಅಂತ ಕಳಿಸಿಬಿಡುತ್ತಾರೆ. ಏರಬೇಕಾದ ದನಿಯೇ ಉಡುಗಿದೆ ಅನ್ನುವುದು ಫ್ರೀ ಟಿ4 ನೋಡಿದರೆ ಮಾತ್ರ ತಿಳಿಯುತ್ತದೆ. ಇಂಥವರಿಗೆ ಥೈರಾಕ್ಸಿನ್ ಮೊದಲು ಕೊಡುವುದು ಅಪಾಯ. ಪಿಟ್ಯುಟರಿ ಕೆಟ್ಟಾಗ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಎಂಬ ಹಾರ್ಮೋನು ಕೂಡ ಕಡಿಮೆಯಿರಬಹುದು. ಥೈರಾಕ್ಸಿನ್ ಇದ್ದ ಚೂರುಪಾರನ್ನೂ ಬೇಗ ಖರ್ಚು ಮಾಡಿಸುತ್ತದೆ, ಬಿಪಿ ಕುಸಿಯುತ್ತದೆ. ಆದ್ದರಿಂದ ಬೆಳಿಗ್ಗೆ ಎಂಟರ ಕಾರ್ಟಿಸಾಲ್ ಪರೀಕ್ಷೆ ಮೊದಲು, ಅದು ಕಡಿಮೆಯಿದ್ದರೆ ಅದರ ಬದಲಿಗೆ ಕೊಡುವ ಹೈಡ್ರೊಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ಅಲ್ಲಿಂದ ಮುಂದೆ ಡೋಸ್ ಸಾಕೇ ಬೇಕೇ ಅನ್ನುವುದನ್ನು ಫ್ರೀ ಟಿ4 ನೋಡಿಯೇ ತೀರ್ಮಾನಿಸಬೇಕು, ಟಿಎಸ್‌ಎಚ್ ನೋಡಿ ಅಲ್ಲ.