ಮಳೆ ಲೆಕ್ಕದ ಡೇಟಾಬೇಸ್: ಬಾಗಿಲು ಎಷ್ಟು ತೆರೆಯೋದು?

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಹಳೆ ಮಳೆ ಪುಸ್ತಕಗಳನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಏರಿಸುವ ಕೆಲಸ ಸಾಗಿದೆ. ಇಂಚು, ಸೆಂಟ್‌ನಲ್ಲಿ ಬರೆದದ್ದನ್ನು ಹಾಗೇ ಇಟ್ಟು, ಪಕ್ಕದ ಕಾಲಂನಲ್ಲಿ ಮಿಲಿಮೀಟರ್ ಹಾಕಿದ್ದೇನೆ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿ.ಮೀ. ಅದರಲ್ಲೇನೂ ತಲೆನೋವಿಲ್ಲ.

ತಲೆನೋವು ಡೇಟಾಬೇಸ್ ಕೂತಿರುವ ಸರ್ವರ್‌ನದು. ಪುಸ್ತಕಗಳಿರುವುದು ಗೆಳೆಯನ ತೋಟದ ಮನೆಯಲ್ಲಿ, ಟೈಪ್ ಮಾಡುವವನೂ ಅವನೇ. "ಮಾರಾಯ, ಪಾಸ್‌ವರ್ಡ್ ಕೊಡು ಸಾಕು, ಡಿಬೀವರ್‌ನಿಂದ ನೇರ ಹಾಕ್ತೀನಿ" ಅಂದ. ಡಿಬೀವರ್ ಅಂದರೆ ದೂರದ ಡೇಟಾಬೇಸನ್ನೂ ತನ್ನ ಕಂಪ್ಯೂಟರಿನಿಂದಲೇ ನೋಡಿ ತಿದ್ದುವ ಸಾಫ್ಟ್‌ವೇರ್.

ಮಾಡೋದು ಸುಲಭ. ಪೋಸ್ಟ್‌ಗ್ರೆಸ್ ಮೊದಲಿಗೆ ಲೋಕಲ್‌ಹೋಸ್ಟ್‌ನ, ಅಂದರೆ ತಾನಿರುವ ಮೆಷಿನ್‌ನ ಮಾತಿಗೆ ಮಾತ್ರ ಕಿವಿಗೊಡುತ್ತದೆ. ಆ ಸೆಟ್ಟಿಂಗ್‌ನಲ್ಲೊಂದು ನಕ್ಷತ್ರ ಚಿಹ್ನೆ, ಯಾರನ್ನು ಹೇಗೆ ಒಳಗೆ ಬಿಡಬೇಕೆಂದು ಹೇಳುವ ಪಿಜಿ-ಎಚ್‌ಬಿಎ ಫೈಲಿನಲ್ಲಿ 0.0.0.0/0 (ಯಾವ ವಿಳಾಸದಿಂದ ಬಂದರೂ ಸರಿ) ಅಂತ ಒಂದು ಸಾಲು, ಮುಗೀತು. ಆದರೆ ಪೋಸ್ಟ್‌ಗ್ರೆಸ್‌ನ ಬಾಗಿಲಾದ 5432ನೇ ಪೋರ್ಟ್ ಅವನೊಬ್ಬನಿಗೇ ಅಲ್ಲ, ಊರಿಗೆಲ್ಲ ತೆರೆಯುತ್ತದೆ. ನಮ್ಮ ಮಳೆ ಲೆಕ್ಕ ಯಾರಿಗೆ ಬೇಕು ಅನ್ನಬಹುದು. ಆದರೆ 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆದಿದ್ದ ಮಾಂಗೋಡಿಬಿ ಎಂಬ ಇನ್ನೊಂದು ಬಗೆಯ ಸಾವಿರಾರು ಡೇಟಾಬೇಸ್‌ಗಳನ್ನು ಅಳಿಸಿ ಹಣ ಕೇಳಿದವರು ಒಳಗೆ ಏನಿದೆ ಅಂತ ನೋಡುತ್ತಾ ಕೂರಲಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಂತೂ ಎಲ್ಲ ಹಕ್ಕೂ ಇರುವ ಸೂಪರ್‌ಯೂಸರ್ ಖಾತೆ ಕೈಗೆ ಸಿಕ್ಕರೆ 'ಕಾಪಿ' ಕಮಾಂಡ್ ಮೂಲಕ ಸರ್ವರ್ ಮೇಲೆ ಬೇರೆ ಪ್ರೋಗ್ರಾಂಗಳನ್ನೂ ಓಡಿಸಬಹುದು. ಅವರಿಗೆ ಬೇಕಿರೋದು ಮಳೆಯಲ್ಲ, ಮೆಷಿನ್.

ಗೆಳೆಯನ ಐಪಿಗೆ (ನೆಟ್ ವಿಳಾಸಕ್ಕೆ) ಮಾತ್ರ ಬಿಡೋಣ ಅಂದರೆ, ಅವನದು ಮೊಬೈಲ್ ಹಾಟ್‌ಸ್ಪಾಟ್. ಐಪಿ ಬದಲಾಗುತ್ತಲೇ ಇರುತ್ತದೆ. ಮೇಲಾಗಿ ಒಂದೇ ಐಪಿಯ ಹಿಂದೆ ಎಷ್ಟೋ ಜನ ಇರುತ್ತಾರೆ. ಪೋರ್ಟ್ ನಂಬರ್ ಬದಲಿಸಿದರೆ ಲಾಗ್‌ನಲ್ಲಿ (ಯಾರು ಬಂದರೆಂಬ ದಾಖಲೆಯಲ್ಲಿ) ಗಲಾಟೆ ಕಡಿಮೆಯಾಗಬಹುದು, ಅಷ್ಟೇ.

ಕೊನೆಗೆ ಎಸ್‌ಎಸ್‌ಎಚ್ ಟನೆಲ್‌ಗೆ, ಅಂದರೆ ಸರ್ವರ್‌ವರೆಗಿನ ಗೂಢಲಿಪಿಯ ಸುರಂಗಕ್ಕೆ ಬಂದೆ. ಡಿಬೀವರ್‌ನಲ್ಲೇ ಅದಕ್ಕೊಂದು ಟ್ಯಾಬ್ ಇದೆ. ಒಮ್ಮೆ ಕೀ (ಗುರುತಿನ ಕೀಲಿಯ ಫೈಲು) ಹಾಕಿಕೊಟ್ಟರೆ ಅವನಿಗೆ ಮೊದಲಿನಷ್ಟೇ ಸಲೀಸು. ಸರ್ವರ್ ಕಡೆ ಆ ಕೀಗೆ ಲೋಕಲ್‌ಹೋಸ್ಟ್‌ನ 5432 ಬಿಟ್ಟು ಬೇರೆ ದಾರಿಯಿಲ್ಲ. ಇಲ್ಲೊಂದು ಕಿರಿಕ್: ಕೀಯ ಈ ನಿರ್ಬಂಧದಲ್ಲಿ 'ಲೋಕಲ್‌ಹೋಸ್ಟ್' ಅಂತ ಬರೆದು ಡಿಬೀವರ್‌ನಲ್ಲಿ ಅದರದೇ ಅಂಕಿ ವಿಳಾಸ 127.0.0.1 ಅಂತ ಕೊಟ್ಟರೆ ಒಳಗೆ ಬಿಡಲ್ಲ. ಅಕ್ಷರಕ್ಕೆ ಅಕ್ಷರ ಹೊಂದಬೇಕು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಟನೆಲ್‌ನಿಂದ ಬಂದವನು ಪೋಸ್ಟ್‌ಗ್ರೆಸ್ ಕಣ್ಣಿಗೆ ಮನೆಯವನೇ, ಅಂದರೆ 127.0.0.1. ಸ್ಕ್ರಿಪ್ಟ್‌ಗಳಿಗೆ ಅನುಕೂಲ ಅಂತ ಪಿಜಿ-ಎಚ್‌ಬಿಎ ಫೈಲಿನಲ್ಲಿ ಆ ವಿಳಾಸದ ಸಾಲಿಗೆ 'ಟ್ರಸ್ಟ್' (ಏನೂ ಕೇಳದೆ ಒಳಗೆ ಬಿಡು) ಇಡುವವರಿದ್ದಾರೆ. ಹಾಗಿಟ್ಟರೆ ಟನೆಲ್ ಇರುವ ಯಾರಾದರೂ ಪಾಸ್‌ವರ್ಡ್ ಇಲ್ಲದೆ, ಸೂಪರ್‌ಯೂಸರ್ ಆಗಿಯೇ ಬರಬಹುದು! ಆ ಫೈಲಿನಲ್ಲಿ ಮೊದಲು ಹೊಂದುವ ಸಾಲೇ ಅಂತಿಮ, ಕೆಳಗೆ ಎಷ್ಟು ಬಿಗಿಯಾಗಿ ಬರೆದರೂ ಪ್ರಯೋಜನವಿಲ್ಲ. ಅಲ್ಲಿ ಪಾಸ್‌ವರ್ಡ್ ಕೇಳುವ ಸ್ಕ್ರ್ಯಾಮ್ ವಿಧಾನ ಹಾಕಿದ್ದೇನೆ. ರಾತ್ರಿಯ ಬ್ಯಾಕಪ್ ಸ್ಕ್ರಿಪ್ಟ್ ಮಾತ್ರ ಮೆಷಿನ್‌ನ ಒಳದಾರಿಯಾದ ಯೂನಿಕ್ಸ್ ಸಾಕೆಟ್‌ನಲ್ಲಿ 'ಪೀರ್' ಮೂಲಕ, ಅಂದರೆ ಆಪರೇಟಿಂಗ್ ಸಿಸ್ಟಂ ಖಾತೆಯ ಗುರುತಿನ ಮೇಲೆ, ಪಾಸ್‌ವರ್ಡ್ ಇಲ್ಲದೆ ಓಡುತ್ತದೆ. ಪಾಸ್‌ವರ್ಡನ್ನು ಫೈಲಿನಲ್ಲಿ ಬರೆದಿಡೋದಕ್ಕಿಂತ ಅದೇ ವಾಸಿ.

ಗೆಳೆಯನ ಖಾತೆಗೆ ನೋಡುವ, ಸೇರಿಸುವ ಹಕ್ಕಷ್ಟೇ ಕೊಡಬೇಕು ಅಂತಿದ್ದೆ. "ಆರಿದ್ರಾ ಮಳೆ ಲೆಕ್ಕದಲ್ಲಿ 3 ಹೋಗಿ 8 ಆದರೆ ನಿಂಗೆ ಫೋನ್ ಮಾಡ್ಬೇಕಾ?" ಅಂದ. ಅದೂ ಸರಿಯೇ ಅಲ್ವಾ. ಇಂಚು, ಸೆಂಟ್ ಕಾಲಂಗಳನ್ನು ಮಾತ್ರ ತಿದ್ದಲು ಬಿಟ್ಟಿದ್ದೇನೆ. ತಾರೀಕು ಮುಟ್ಟುವಂತಿಲ್ಲ, ಅಳಿಸುವಂತಿಲ್ಲ.

ಈಗ ಮೊಬೈಲ್‌ನಿಂದಲೂ ಹಾಕಬೇಕಂತೆ. ಅದಕ್ಕೆ ಚಿಕ್ಕದೊಂದು ಫಾರ್ಮ್ ಬರೆಯುತ್ತಿದ್ದೇನೆ. ಆ ಫಾರ್ಮ್‌ನ ಖಾತೆಗೆ ಸೇರಿಸುವ ಹಕ್ಕು ಮಾತ್ರ.