ಯಾರು ಆ 'ಕೆಲವರು'?

ಅಂಕಣ ಬರೆಯೋ ತರಬೇತಿಯಲ್ಲಿ ಇವತ್ತು ಒಬ್ಬಳ ಡ್ರಾಫ್ಟ್ ತಿದ್ದುತ್ತಾ ಕೂತಿದ್ದೆ. ಕಪ್ಪು ಸಮುದಾಯದ ಹುಡುಗಿ, ಪಳಗಿದ ವರದಿಗಾರ್ತಿ.

ಬಸ್ ಮಾರ್ಗ ಕಡಿತದ ಬಗ್ಗೆ 700 ಪದ. ಅದರಲ್ಲಿ 'ಕೆಲವರ ಪ್ರಕಾರ' ಅಂತ ನಾಲ್ಕು ಸಲ!

"ಯಾರಮ್ಮ ಈ ಕೆಲವರು?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೇ" ಅಂದಳು.

ವರದಿಯಲ್ಲಿ 'ನಾನು' ಬರಬಾರದು, ಸರಿ. ಆದರೆ ಇವಳ ಅಳುಕು ಬೇರೆ. 'ನಾನು' ಅಂದರೆ ಪಕ್ಷಪಾತಿ ಅಂತಾರೆ, ಇಲ್ಲಾ ಇಡೀ ಸಮುದಾಯದ ವಕ್ತಾರಳನ್ನಾಗಿ ಮಾಡಿ ಕೂರಿಸ್ತಾರೆ. ಬಿಳಿಯ ಅಂಕಣಕಾರನಿಗೆ ಈ ತಲೆನೋವೇ ಇಲ್ಲ ನೋಡಿ.

ಅಮೆರಿಕದ ಸುದ್ದಿಮನೆಗಳ ಸಂಪಾದಕೀಯ ಹುದ್ದೆಗಳಲ್ಲಿ ಕಪ್ಪು ಜನ ಶೇ 5ಕ್ಕಿಂತ ಕಡಿಮೆ ಅಂತ, ಜನಾಂಗೀಯ ಗಲಭೆಗಳ ಕಾರಣ ಹುಡುಕಲು ಅಲ್ಲಿನ ಸರ್ಕಾರ ನೇಮಿಸಿದ್ದ ಕರ್ನರ್ ಆಯೋಗ 1968ರಲ್ಲೇ ಹೇಳಿತ್ತು. 2000ದ ಹೊತ್ತಿಗೆ ಅಲ್ಪಸಂಖ್ಯಾತರ ಪಾಲು ಜನಸಂಖ್ಯೆಗೆ ಸರಿಸಮ ಮಾಡ್ತೀವಿ ಅಂತ ಸಂಪಾದಕರ ಸಂಘ 1978ರಲ್ಲಿ ಗುರಿ ಇಟ್ಟಿತು. ಆಗಲಿಲ್ಲ.

ಇರಲಿ. ಮೂರು 'ಕೆಲವರ'ನ್ನು ಹೊಡೆದುಹಾಕಿದ್ವಿ. ನಾಲ್ಕನೆಯದಕ್ಕೆ ಒಪ್ಪಲೇ ಇಲ್ಲ, ಅದು ನಿಜವಾಗಿಯೂ ಪಕ್ಕದ ಮನೆಯಾಕೆಯ ಮಾತಂತೆ.

"ಹಾಗಾದರೆ ಅವರನ್ನು ಕೇಳಿಕೊಂಡು ಅವರ ಹೆಸರೇ ಹಾಕು" ಅಂದೆ.

ಫೋನ್ ಹಿಡಿದುಕೊಂಡು ಹೊರಗೆ ಹೋದಳು.