ವೇದಾರಣ್ಯದ ಮರಳಿನಲ್ಲಿ ನಿಂತಿದ್ದ ತೆಂಗು

ಮಂಡ್ಯದ ನಮಗೆ ನಾಗಪಟ್ಟಿಣಂ ಜಿಲ್ಲೆ ಅಂದರೆ ನೆನಪಾಗುವುದು ವೇಲಾಂಗಣಿ ಮಾತೆ, ಇಲ್ಲವೇ ಕಾವೇರಿ ನೀರಿನ ಜಗಳ. ನನಗೆ ಮಾತ್ರ ಮೊದಲು ನೆನಪಾಗುವುದು ವೇದಾರಣ್ಯಂ ಎಂಬ ಕಡಲತೀರದ ಊರು. ಅಲ್ಲಿನ ಒಂದು ತೆಂಗಿನ ತೋಪು.

ನಮ್ಮ ಯಜಮಾನರ ಜೊತೆ ಮೈಸೂರಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರ ಊರು ಅದು. 2016ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಅತ್ತೆಯನ್ನೂ ಕರೆದುಕೊಂಡು ಮೈಲಾಡುತುರೈ ರೈಲು ಹತ್ತಿದೆವು. ಸಂಜೆ ಮಂಡ್ಯದಲ್ಲಿ ಹತ್ತಿದರೆ ಬೆಳಿಗ್ಗೆ ತಂಜಾವೂರು. ಅಲ್ಲಿಂದ ಬಸ್ಸು. ದಾರಿಯುದ್ದಕ್ಕೂ ಕಟಾವಿಗೆ ಬಂದ ಭತ್ತ. ‘ನಮ್ಮ ಕನ್ನಂಬಾಡಿ ನೀರಲ್ವಾ ಇದು’ ಎಂದ ಅತ್ತೆ ಆಮೇಲೆ ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ.

ವೇದಾರಣ್ಯದ ಸಮುದ್ರ ಅಬ್ಬರದ್ದಲ್ಲ. ಊರಾಚೆ ಹೋದರೆ ಕಣ್ಣಿಗೆ ಕಾಣುವಷ್ಟು ದೂರ ಉಪ್ಪಿನ ಗದ್ದೆಗಳು. 1930ರಲ್ಲಿ ರಾಜಾಜಿಯವರು ತಿರುಚ್ಚಿಯಿಂದ ನಡೆದು ಬಂದು ಉಪ್ಪಿನ ಸತ್ಯಾಗ್ರಹ ಮಾಡಿದ್ದು ಇಲ್ಲಿಯೇ. ಆ ಸ್ಮಾರಕದ ಮುಂದೆ ನಿಂತಾಗ ನನಗೆ ನಮ್ಮ ಶಿವಪುರದ ನೆನಪಾಯಿತು. 1938ರಲ್ಲಿ ಧ್ವಜ ಸತ್ಯಾಗ್ರಹ ನಡೆದ ಊರು ನಮ್ಮ ಮನೆಯಿಂದ ದೂರವೇನಿಲ್ಲ. ಕೋಡಿಯಕ್ಕರೈ ಕಾಡಿನಲ್ಲಿ ಕೃಷ್ಣಮೃಗಗಳ ಹಿಂಡು ನೋಡಿದೆವು, ನೀರಿನಲ್ಲಿ ಗುಲಾಬಿ ಗೆರೆ ಎಳೆದ ಹಾಗೆ ನಿಂತ ರಾಜಹಂಸಗಳನ್ನು ನೋಡಿದೆವು. ಮಗ ಕುಣಿದಾಡಿಬಿಟ್ಟ.

ಆದರೆ ಅತ್ತೆಗೆ ಬೇಕಾಗಿದ್ದು ತೋಪು. ಅವರು ಬಗ್ಗಿ ಒಂದು ಹಿಡಿ ಮರಳು ಎತ್ತಿಕೊಂಡು, ‘ಇದರಲ್ಲಿ ಮರ ಹೆಂಗ್ ನಿಂತವೆ?’ ಅಂತ ಕೇಳಿದರು. ಆ ಸಹೋದ್ಯೋಗಿಯ ಮನೆಯ ಅಮ್ಮ ಕೈಸನ್ನೆಯಲ್ಲೇ ಎಲ್ಲ ಹೇಳಿದರು. ಗುಂಡಿಗೆ ಕೆರೆಯ ಗೋಡುಮಣ್ಣು ತುಂಬಬೇಕು. ಸಸಿಗೆ ವರ್ಷಗಟ್ಟಲೆ ಕೊಡದಲ್ಲಿ ನೀರು ಹೊರಬೇಕು. ಒಬ್ಬೊಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಆದರೂ ಗೊನೆ, ಗೊಬ್ಬರ, ಸುಳಿ ಕೊರೆಯುವ ದುಂಬಿ, ಕಾಯಿಗೆ ಸಿಗುವ ರೇಟು, ಎಲ್ಲ ಮಾತಾಡಿದರು. ಮದ್ದೂರಿನ ಎಳನೀರು ಮಾರುಕಟ್ಟೆ ಎಷ್ಟು ದೊಡ್ಡದು ಅಂತ ಅತ್ತೆ ಎರಡೂ ಕೈ ಚಾಚಿ ತೋರಿಸಿದರು. ಹೊರಡುವಾಗ ಆ ಅಮ್ಮ ಒಂದು ಚೀಲ ಕಾಯಿ ಕೊಟ್ಟರು. ತೆಂಗಿನ ಸೀಮೆಯವರಿಗೆ ತೆಂಗಿನಕಾಯಿ! ಅಷ್ಟು ಪ್ರೀತಿ.

ಅದೇ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ ಜೋರಾಯಿತು. ಮಂಡ್ಯದಲ್ಲಿ ಬಂದ್, ಹೆದ್ದಾರಿಯಲ್ಲಿ ತಡೆ. ಆ ಅಮ್ಮ ಮಗನ ಕೈಲಿ ಫೋನ್ ಮಾಡಿಸಿದರು. ನೀರಿನ ಮಾತೇ ಎತ್ತಲಿಲ್ಲ. ‘ಮಗು ಸ್ಕೂಲಿಗೆ ಹೋಗ್ತಾನಾ? ಜೋಪಾನ’ ಎಂದಷ್ಟೇ ಹೇಳಿಸಿದರು. ನಾನು ಆ ಮಾತನ್ನು ಮರೆಯುವುದಿಲ್ಲ.

2018ರ ನವೆಂಬರ್ 16. ನಡುರಾತ್ರಿ ಕಳೆದ ಮೇಲೆ ಗಜ ಚಂಡಮಾರುತ ನಾಗಪಟ್ಟಿಣಂ ಮತ್ತು ವೇದಾರಣ್ಯದ ನಡುವೆ ದಡಕ್ಕೆ ಬಂತು. ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದ ಗಾಳಿ. ಈಗ ಫೋನ್ ಮಾಡುವ ಸರದಿ ನಮ್ಮದು. ಸಿಗಲಿಲ್ಲ. ಕರೆಂಟ್ ಕಂಬಗಳೇ ಉರುಳಿದ್ದವು. ಟಿವಿಯಲ್ಲಿ ತೋಪುಗಳು ಸಾಲಾಗಿ ಮಲಗಿದ್ದನ್ನು ನೋಡಿ ಅತ್ತೆ ಎದ್ದು ಒಳಗೆ ಹೋದರು. ಅಂದು ಊಟ ಮಾಡಲಿಲ್ಲ.

ಕೊನೆಗೆ ಫೋನ್ ಸಿಕ್ಕಿತು. ಎಲ್ಲರೂ ಬದುಕಿದ್ದರು. ಮೊದಲು ಒಂದು ದಿಕ್ಕಿನಿಂದ ಗಾಳಿ ಬಂತಂತೆ. ಆಮೇಲೆ ಎಲ್ಲ ಸ್ತಬ್ಧ. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಎದುರು ದಿಕ್ಕಿನಿಂದ ಮತ್ತೆ ಬಂತಂತೆ. ಚಂಡಮಾರುತದ ಕಣ್ಣು ದಾಟಿ ಹೋಗುವಾಗ ಹೀಗೇ ಆಗುತ್ತದೆ. ಮೊದಲ ಹೊಡೆತಕ್ಕೆ ಬೇರು ಸಡಿಲವಾದ ಮರಗಳು ಎರಡನೆಯದಕ್ಕೆ ಬಿದ್ದವು. ಉಪ್ಪಿನ ಗದ್ದೆಗಳಿಗೆ ಕೆಸರು ನುಗ್ಗಿತ್ತು. ಕಾಡಿನಲ್ಲಿ ಕೃಷ್ಣಮೃಗಗಳೂ ಸತ್ತಿದ್ದವು. ಇದನ್ನು ಮಗನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಪೇಪರಿನಲ್ಲಿ ಲಕ್ಷಗಟ್ಟಲೆ ಮರ ಅಂತ ಓದಿದರೆ ಅದು ಬರೀ ಲೆಕ್ಕ. ತೆಂಗು ಬೆಳೆಸಿದವರಿಗೆ ಗೊತ್ತು ಆ ನಷ್ಟ ಏನು ಅಂತ. ಮಾವು, ಹುಣಸೆ ಕೊಂಬೆ ಮುರಿದರೂ ಚಿಗುರುತ್ತವೆ. ತೆಂಗಿನ ಜೀವ ಇರುವುದು ಒಂದೇ ಸುಳಿಯಲ್ಲಿ. ಅದು ಮುರಿದರೆ ಮರ ಹೋಯಿತು. ಹೊಸ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಬಿದ್ದ ಬೊಡ್ಡೆಗಳನ್ನು ಸುಮ್ನೆ ಬಿಡುವ ಹಾಗೂ ಇಲ್ಲ, ಕೊಳೆತರೆ ಅಲ್ಲೇ ದುಂಬಿ ಮೊಟ್ಟೆ ಇಡುತ್ತದೆ. ಸಾಗಿಸುವ ಕೆಲಸವೂ ರೈತನ ತಲೆ ಮೇಲೆಯೇ.

ಅವರು ಮತ್ತೆ ನೆಟ್ಟರು. ಮರಳು ಅದೇ, ಕೊಡದ ನೀರೂ ಅದೇ. ಈಚೆಗೆ ಸಸಿಗಳು ಹೊಂಬಾಳೆ ಒಡೆದಿವೆ ಅಂತ ಫೋಟೋ ಕಳಿಸಿದ್ದರು. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ದೊಡ್ಡದು ಮಾಡಿ ನೋಡಿದರು. ಅವರಿಗೀಗ ಮಂಡಿ ನೋವು ಜಾಸ್ತಿ. ಆದರೂ ಬರುವ ಚಳಿಗಾಲಕ್ಕೆ ಹೋಗೋಣ ಅನ್ನುತ್ತಿದ್ದಾರೆ. ಆ ಅಮ್ಮನಿಗೂ ವಯಸ್ಸಾಗಿದೆ. ಇನ್ನು ಮುಂದಕ್ಕೆ ಹಾಕುವುದು ಬೇಡ ಅಂತ ನಾನೂ ಯಜಮಾನರಿಗೆ ಹೇಳಿದ್ದೇನೆ.